ಹೋಗ್ತೀನಿ ಅನ್ನೋ ಗುಂಡಿ

ಮಹಡಿ ಕೋಣೆಯ ಬೀಗ ತೆಗೆದು ಬಾಗಿಲು ತಳ್ಳಿದರೆ ಮೊದಲು ಮೂಗಿಗೆ ಹೊಡೆಯೋದು ಮೆಣಸಿನಕಾಯಿ ಘಾಟು. ಮೊನ್ನೆ ಬಾಡಿಗೆಗೆ ಕೇಳಿಕೊಂಡು ಬಂದ ಲೈನ್‌ಮನ್ ಹೊಸಿಲು ದಾಟುವ ಮೊದಲೇ ಸೀನಿದ.

"ಏನಜ್ಜಿ, ಈ ಕೋಣೆಯಾಗೆ ಖಾರ ಕುಟ್ಟತಿದ್ರಾ?"

"ಕೆಳಗೆ ಗಿರಣಿ ಐತೆ, ಕಣ್ಣಿಗೆ ಕಾಣಲ್ವಾ? ಗೋಡೆ ಘಾಟು ಕುಡಿದೈತೆ. ಸುಣ್ಣ ಹೊಡೆದರೂ ಹೋಗಲ್ಲ. ಬೇಕಾದ್ರೆ ಇರು, ಬ್ಯಾಡಾದ್ರೆ ಬಿಡು."

ಅವನು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಒಳಗೆ ಬಂದು ಮೂಲೆ ಮೂಲೆ ನೋಡಿದ. ಕಿಟಕಿ ಪಕ್ಕ ಗೋಡೆಗೆ ಒಂದು ತೂತು. ಅದರಿಂದ ಕರಿ ವೈರೊಂದು ಒಳಗೆ ಬಂದು ನೇತಾಡ್ತಿತ್ತು. ಅವನ ಕಸುಬೇ ವೈರು ನೋಡೋದು. ಹಿಡಿದು ತಿರುಗಿಸಿದ.

"ಇದು ಕರೆಂಟಿನ ವೈರಲ್ಲ. ಯಾತರದಜ್ಜಿ ಇದು?"

"ಅದರಾಗೆ ಒಂದು ಆಫೀಸು ಬರ್ತಿತ್ತು" ಅಂದೆ.

ಅವನು ನಕ್ಕ. ನಾನು ನಗಲಿ ಅಂತ ಹೇಳಿದ್ದಲ್ಲ.

ಕರೋನಾ ಗದ್ದಲ ಎಲ್ಲ ಮುಗಿದ ಮೇಲೆ ಬಂದ ಒಂದು ಮಳೆಗಾಲ ಅದು. ಆ ವರ್ಷ ನಮ್ಮೂರು ನ್ಯಾಮತಿಗೆ ಮಳೆ ಒಂದೇ ಸಮ ಹಿಡಿದುಕೊಂಡಿತ್ತು. ಬಿತ್ತಿದವರು ಖುಷಿಯಾಗಿದ್ದರು. ಗಿರಣಿಯವಳಿಗೆ ಮಳೆ ಹಿಡಿದರೆ ತೊಂದರೆ. ಕಾಳು ಒಣಗಲ್ಲ. ಹಸಿ ಕಾಳು ಹಾಕಿದರೆ ಕಲ್ಲಿಗೆ ಮೆತ್ತಿಕೊಳ್ಳುತ್ತೆ, ಹಿಟ್ಟು ಮುದ್ದೆಯಾಗಿ ಬೀಳುತ್ತೆ, ಹೆಂಗಸರು ನನ್ನ ಮೇಲೆ ರೇಗ್ತಾರೆ. ನಾನು ಅವರ ಮೇಲೆ ರೇಗ್ತೀನಿ. ಗಿರಣಿ ಹಾಲಮ್ಮನ ಬಾಯಿ ಅಂದರೆ ಊರಿಗೆಲ್ಲ ಗೊತ್ತು. ಇರಲಿ.

ಅಂಥ ಒಂದು ಮಳೆಯ ದಿನ ಶೋಭ ಬಂದಳು. ಗಂಡ ಮಂಜಪ್ಪ ಬೈಕಿನ ಹಿಂದೆ ಕೂರಿಸಿಕೊಂಡು ಜಗಳೂರು ಕಡೆಯ ಅವನೂರು ಬಿಳಿಚೋಡಿನಿಂದ ಕರೆದುಕೊಂಡು ಬಂದಿದ್ದ. ಇಬ್ಬರೂ ತೊಯ್ದು ತೊಪ್ಪೆ. ಅವನು ಕುರಿ ಸಾಕೋ ಮನೆಯವನು, ಕಂಬಳಿ ಹೊದ್ದಿದ್ದ. ಅವಳ ತವರು ನಮ್ಮ ಪಕ್ಕದ ಹಳ್ಳಿ, ಆದರೆ ಅಣ್ಣನ ಮನೇಲಿ ಇರಾಕೆ ಇಷ್ಟ ಇಲ್ಲ ಅಂದಳು. ಅವಳ ಆಫೀಸು ದಾವಣಗೆರೇಲಿ ಇತ್ತಂತೆ. ಬಾಡಿಗೆ ದಂಡ ಅಂತ ಸಾಹುಕಾರರು ಆ ಕಟ್ಟಡ ಬಿಟ್ಟು, ಕೆಲಸದವರನ್ನೆಲ್ಲ ಮನೆಯಿಂದಲೇ ಮಾಡಿ ಅಂದಿದ್ದರು. ಬಿಳಿಚೋಡಿನಾಗೆ ಇವರ ಮನೆ ಊರ ಹೊರಗೆ, ಹೊಲದ ಅಂಚಿಗೆ. ಅಲ್ಲಿ ಫೋನು ಹಿಡಿದುಕೊಂಡು ಬೇವಿನ ಮರ ಹತ್ತಿದರೂ ಸಿಗ್ನಲ್ಲು ಸಿಗಲ್ಲ. ನನ್ನ ಗಿರಣಿ ದೊಡ್ಡ ರಸ್ತೆ ಮೇಲಿದೆ, ಕೇಬಲ್ಲಿನವನು ಮನೆ ಮುಂದೇನೇ ತಂತಿ ಎಳೆದಿದ್ದ.

"ಮಳೆಗಾಲ ಮುಗಿಯೋವರೆಗೆ ಅಷ್ಟೇ ಅಮ್ಮಾರೆ. ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದ ಮಂಜಪ್ಪ.

ಅವಳು ಸೆರಗಿನ ನೀರು ಹಿಂಡಿದಳು.

ಆಮೇಲೆ ಮೆಟ್ಟಿಲ ಮೇಲೆ ಕೂತು ತಲೆ ಒರೆಸಿಕೊಳ್ತಾ ನನಗೆ ಹೇಳಿದಳು. ಈ ಮಳೆಗಾಲ ಪೂರ್ತಿ ಒಂದು ದಿನವೂ ತಪ್ಪಿಸದೆ ಕೆಲಸ ಮಾಡಿದರೆ ಕಾಯಂ ಮಾಡ್ತಾರಂತೆ. ತಪ್ಪಿಸಿದರೆ ಮನೆಗೆ ಕಳಿಸ್ತಾರೆ.

"ಕಾಯಂ ಆದ್ರೆ ಗಂಡ ಏನಂತಾನೆ?"

"ಆಗಲ್ಲ ಅಂತ ನಂಬಿಕೊಂಡೇ ಬಿಟ್ಟು ಹೋಗ್ಯಾನಜ್ಜಿ" ಅಂದಳು.

ಆಫೀಸಿನ ಸಾಮಾನು ವ್ಯಾನಿನಾಗೆ ಬಂತು. ಟೀವಿ ಥರದ ಒಂದು ಪರದೆ, ಅಕ್ಷರ ಒತ್ತೋ ಹಲಗೆ, ಬಾಲ ಇರೋ ಇಲಿ, ಆಮೇಲೆ ಒಂದು ಕರೀ ಡಬ್ಬಿ. ಎಲೆ ಅಡಿಕೆ ಡಬ್ಬಿಗಿಂತ ಒಂಚೂರು ದೊಡ್ಡದು. ನಾನು ಎತ್ತಿ ನೋಡಿದೆ. ತೂಕವೇ ಇಲ್ಲ.

"ಇದಾ ಕಂಪ್ಯೂಟರು? ಒಳಗೆ ಏನೂ ಇಲ್ಲ ಕಣೆ."

"ಏನೂ ಇಲ್ಲಜ್ಜಿ. ಇದು ಬರೀ ದಾರಿ. ಕಂಪ್ಯೂಟರು ಬೇರೆ ಕಡೆ ಐತೆ."

"ಎಲ್ಲಿ?"

"ನಂಗೂ ಗೊತ್ತಿಲ್ಲ. ಯಾವ್ದೋ ಊರಿನ ದೊಡ್ಡ ಕಟ್ಟಡದಾಗೆ. ನಮ್ಮ ಆಫೀಸಿನೋರ ಎಲ್ಲರ ಮೇಜೂ ಅಲ್ಲೇ ಅವೆ. ನಾನು ಇಲ್ಲಿಂದ ಹೆಸರು ಹೇಳಿದ್ರೆ ನನ್ನ ಮೇಜು ಇಲ್ಲಿ ಕಾಣಿಸ್ತೈತೆ. ಕೈ ಆಡಿಸಿದ್ರೆ ಅಲ್ಲಿ ಆಡ್ತೈತೆ."

ನಾನು ಡಬ್ಬಿ ಕೆಳಗಿಟ್ಟೆ. "ಅಂದ್ರೆ ಗಿರಣಿ ಅಲ್ಲಿ. ಹಿಟ್ಟು ಬೀಳೋ ಬಾಯಿ ಮಾತ್ರ ಇಲ್ಲಿ."

"ಹಿಟ್ಟೂ ಬೀಳಲ್ಲ. ಬಾಯಿ ಹತ್ರ ನಿಂತು ನೋಡಬೋದು ಅಷ್ಟೇ. ಒಂದು ಚಿಟಿಕೆ ಮನೆಗೆ ಒಯ್ಯಂಗಿಲ್ಲ."

"ಇಂಥ ಗಿರಣಿಗೆ ಯಾವಳು ಬರ್ತಾಳೆ?"

"ಸಂಬಳ ಕೊಟ್ರೆ ನಾನು ಬರ್ತೀನಿ."

ಆಸ್ಪತ್ರೆಗೆ ಸೇರಿದವರ ವಿಮೆ ಕಾಗದ ನೋಡೋದು ಅವಳ ಕೆಲಸ. ಯಾರಿಗೆ ಯಾವ ರೋಗ, ಯಾರಿಗೆ ಏನು ಕೊಯ್ದರು, ಎಲ್ಲ ಅದರಾಗೆ ಇರುತ್ತೆ. ಅದಕ್ಕೇ ಒಂದು ಅಕ್ಷರವೂ ಡಬ್ಬಿಯೊಳಗೆ ಉಳಿಯೋ ಹಂಗಿಲ್ಲ, ಬೇರೆ ಯಾರೂ ಪರದೆ ನೋಡೋ ಹಂಗಿಲ್ಲ. ನಾನು ಮೇಲೆ ಹೋದರೆ ಪರದೆ ಆ ಕಡೆ ತಿರುಗಿಸೋಳು. ನನಗೆ ಚೀಲದ ಮೇಲೆ ಹೆಸರು ಬರೆಯೋಷ್ಟು ಕನ್ನಡ ಬರುತ್ತೆ. ಇಂಗ್ಲಿಷಿನ ಗುಟ್ಟು ಕಟ್ಟಿಕೊಂಡು ನಾನೇನು ಮಾಡಲಿ ಅಂದರೂ ಕೇಳ್ತಿರಲಿಲ್ಲ.

ತೊಂದರೆ ಬಂದದ್ದು ಗಿರಣಿಯಿಂದ. ಮೋಟ್ರು ಚಾಲೂ ಮಾಡಿದ ತಕ್ಷಣ ಮನೆಯ ಬಲ್ಬೆಲ್ಲ ಒಂದು ಸಲ ಮಂಕಾಗಿ ಏಳ್ತವೆ. ಅಷ್ಟಕ್ಕೇ ಆ ಡಬ್ಬಿ ಸತ್ತು ಹೋಗೋದು. ಮೊದಲ ದಿನ ನಾನು ಒಂದು ಚೀಲ ರಾಗಿ ಸುರಿದು ಗುಂಡಿ ಒತ್ತಿದೆ, ಮೇಲಿಂದ "ಅಯ್ಯೋ" ಅಂತ ಕೂಗು. ನಿಲ್ಲಿಸಿ ಹತ್ತಿ ಹೋದೆ.

"ಬರೆದದ್ದೆಲ್ಲ ಹೋಯ್ತಾ?"

"ಇಲ್ಲ ಬಿಡಜ್ಜಿ. ನನ್ನ ಮೇಜು ಅಲ್ಲಿ ಹಂಗೇ ಇರ್ತೈತೆ. ದಾರಿ ಮಾತ್ರ ಮುಚ್ಚಿತು. ಎಲ್ಲಿಗೆ ಬಿಟ್ಟಿದ್ನೋ ಅಲ್ಲೇ ಕಾಯ್ತಿರ್ತೈತೆ, ನೋಡ್ತಿರು."

ಡಬ್ಬಿ ಎದ್ದಿತು. ಗುಟ್ಟಿನ ಸಂಖ್ಯೆ ಅವಳ ಫೋನಿಗೆ ಬಂತು, ಒತ್ತಿದಳು. ಗಾಬರೀಲಿ ಪರದೆ ತಿರುಗಿಸೋದು ಮರೆತಿದ್ದಳು. ಅವಳು ಹೇಳಿದ್ದು ನಿಜ. ಅರ್ಧ ಬರೆದ ಸಾಲು ಅರ್ಧಕ್ಕೇ ನಿಂತಿತ್ತು. ಮುಂದೆ ಒಂದು ಗೀಟು ಮಿಣಿಮಿಣಿ ಅಂತ ಕಣ್ಣು ಹೊಡೀತಿತ್ತು.

ಅವತ್ತು ಅವಳು ಇನ್ನೊಂದು ಹೇಳಿದಳು. ಆ ಮೇಜು ಬಿಟ್ಟು ಏಳೋಕೆ ಎರಡು ಗುಂಡಿ ಇವೆಯಂತೆ. ಒಂದನ್ನು ಒತ್ತಿದರೆ ಎಲ್ಲ ಹರವಿದ್ದು ಹರವಿದ ಹಂಗೇ ಇರುತ್ತೆ, ಬಂದು ಕೂತರೆ ಮುಂದುವರಿಸಬಹುದು. ಇನ್ನೊಂದನ್ನು ಒತ್ತಿದರೆ ಮೇಜು ಒರೆಸಿ, ಎಲ್ಲ ಮುಚ್ಚಿ, ದೀಪ ಆರಿಸಿದ ಹಂಗೆ. ಎರಡಕ್ಕೂ ಇಂಗ್ಲಿಷಿನಾಗೆ ಏನೇನೋ ಹೆಸರು, ನನ್ನ ನಾಲಿಗೆಗೆ ಹತ್ತಲಿಲ್ಲ.

"ಅದಕ್ಕೆ ಅಷ್ಟೊಂದು ಯಾಕೆ? ಒಂದು ಹೋಗಿ ಬರ್ತೀನಿ ಗುಂಡಿ, ಇನ್ನೊಂದು ಹೋಗ್ತೀನಿ ಗುಂಡಿ" ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. ಅವತ್ತಿಂದ ನಮ್ಮ ಮನೇಲಿ ಅವಕ್ಕೆ ಅದೇ ಹೆಸರು.

ನಮ್ಮ ಕಡೆ ಮನೆ ಬಿಡುವಾಗ ಹೋಗ್ತೀನಿ ಅಂತ ಯಾರೂ ಅನ್ನಲ್ಲ. ಹೋಗಿ ಬರ್ತೀನಿ ಅನ್ನಬೇಕು. ಬಾಯಿ ತಪ್ಪಿ ಅಂದರೆ ದೊಡ್ಡವರು ಅಲ್ಲೇ ತಿದ್ದುತಾರೆ. ವಾರದ ಕೊನೆಗೆ ಒಂದು ಸಲ ಆ ಎರಡನೇ ಗುಂಡಿ ಒತ್ತಲೇಬೇಕು ಅಂತ ಆಫೀಸಿನ ಕಟ್ಟಳೆ ಇತ್ತು. ಶೋಭ ಕೈಯಿಂದ ಅದನ್ನು ಒತ್ತೋಳು, ಬಾಯಲ್ಲಿ ಮಾತ್ರ "ಹೋಗಿ ಬರ್ತೀನಿ" ಅನ್ನೋಳು. ಮೆಷಿನ್ನಿಗೆ ಕಿವಿ ಐತೇನೇ ಅಂದರೆ, "ಯಾಕೆ ಬೇಕಜ್ಜಿ, ನನ್ನ ಬಾಯಿಂದ ಆ ಮಾತು ಬ್ಯಾಡ" ಅನ್ನೋಳು.

ನಾವಿಬ್ಬರೂ ಹೊತ್ತು ಹಂಚಿಕೊಂಡೆವು. ನಾನು ಮೋಟ್ರು ಚಾಲೂ ಮಾಡೋ ಮುಂಚೆ ಕೋಲಿನಿಂದ ಮೇಲಿನ ತಾರಸಿಗೆ ಕುಟ್ಟೋದು, ಅವಳು ಹೋಗಿ ಬರ್ತೀನಿ ಒತ್ತಿ ಕಾಲಿನಿಂದ ನೆಲಕ್ಕೆ ಕುಟ್ಟೋದು, ಆಮೇಲೆ ನಾನು ಚಾಲೂ ಮಾಡೋದು. ಮೆಣಸಿನಕಾಯಿ ಬೀಸೋ ದಿನ ಅವಳು ಮುಖಕ್ಕೆ ಒದ್ದೆ ಟವಲು ಕಟ್ಟಿಕೊಂಡು ಕೂರೋಳು. ಫೋನಿನಾಗೆ ಆಫೀಸಿನ ಮೇಡಂ ಕೇಳೋರು, "ಯಾಕ್ರೀ ಶೋಭ, ಅಳ್ತಿದೀರಾ?" ಇವಳು, "ಇಲ್ಲ ಮೇಡಂ, ಇವತ್ತು ಬ್ಯಾಡಗಿ" ಅನ್ನೋಳು.

ಮಂಜಪ್ಪ ಆಗಾಗ ಬರ್ತಿದ್ದ. ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಸಲ ಗಡಿಗೆ ಮೊಸರು. ಕೆಟ್ಟವನಲ್ಲ. ಕುಡಿಯಲ್ಲ, ಹೊಡೆಯಲ್ಲ. ಮೆಟ್ಟಿಲ ಮೇಲೆ ಕೂತು, "ಅವ್ವಂಗೆ ಮಂಡಿ ನೋವು. ನೀನು ಇಲ್ಲಿ ಟೀವಿ ಮುಂದೆ ಕೂತೀಯ" ಅನ್ನೋನು. ಅತ್ತೆ ಅವನ ಕೈಯಾಗೆ ಹೇಳಿ ಕಳಿಸೋಳು: ನಿನ್ನ ಟ್ರಂಕು ಇಟ್ಟಲ್ಲೇ ಐತೆ, ನಿನ್ನ ತಟ್ಟೆ ದಿನಾ ತೊಳೆದು ಬೋರಲು ಹಾಕ್ತೀನಿ, ಯಾರಿಗೂ ಕೊಟ್ಟಿಲ್ಲ. ಅದನ್ನು ಕೇಳಿದ ದಿನ ಶೋಭ ಊಟ ಸರಿಯಾಗಿ ಮಾಡ್ತಿರಲಿಲ್ಲ.

ಯಾಕೆ ಅಂತ ಒಂದು ದಿನ ಕೇಳಿದೆ. ಆಗ ಹೊಲಿಗೆ ಮೆಷಿನ್ನಿನ ವಿಷಯ ಬಂತು. ಮದುವೆಯಾದ ಹೊಸದರಲ್ಲಿ ಅವಳು ಬಿಳಿಚೋಡಿನಾಗೆ ರವಿಕೆ ಹೊಲೀತಿದ್ದಳು. ಜನ ಹುಡುಕಿಕೊಂಡು ಬರ್ತಿದ್ದರು. ಒಂದು ದಿನ ಅವಳು ನೀರಿಗೆ ಹೋಗಿ ಬರೋದರಾಗೆ ಮಂಜಪ್ಪ ಮೆಷಿನ್ನು ಎತ್ತಿಕೊಂಡು ಹೋಗಿ ಅವನ ಅಕ್ಕನ ಮನೆಗೆ ಕೊಟ್ಟುಬಂದ. ಜಗಳ ಇಲ್ಲ, ಮಾತಿಲ್ಲ. ಮೆಷಿನ್ನು ಹೋಯಿತು, ಹೊಲಿಗೆ ನಿಂತಿತು. ಅವಳು ಕುರಿ ಹಿಂದೆ ಹೋದಳು, ದಾವಣಗೆರೆ ಆಫೀಸು ಸಿಗೋವರೆಗೆ.

"ನೀನು ಕೇಳಲಿಲ್ವಾ?"

"ಕೇಳಿದೆ. ನಿಂಗ್ಯಾಕೆ ಕಷ್ಟ ಅಂತ ಅಂದ."

ಮಳೆ ಬಿಡ್ತಾ ಬಂತು. ಮೇಡಂ ಫೋನು ಮಾಡಿ, ಇನ್ನು ಕೆಲವೇ ದಿನ, ನಿಮ್ಮದು ಆಗುತ್ತೆ ಅಂದರು. ಅದನ್ನು ಶೋಭ ಗಂಡನಿಗೆ ಹೇಳಿದ್ದೇ ತಪ್ಪಾಯ್ತೋ ಏನೋ.

ಅವತ್ತು ಊಟದ ಹೊತ್ತಿಗೆ ಅವಳು ಕಾಯಿಪಲ್ಲೆ ತರಾಕೆ ಹೋಗಿದ್ದಳು. ನಾನು ಮೆಣಸಿನಕಾಯಿ ಬೀಸ್ತಿದ್ದೆ, ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದೆ, ಮೋಟ್ರಿನ ಸದ್ದಿಗೆ ನನ್ನ ಕೆಮ್ಮೇ ನನಗೆ ಕೇಳ್ತಿರಲಿಲ್ಲ. ಹೊರಗಿನ ಮೆಟ್ಟಿಲು ಇಳಿದು ಮಂಜಪ್ಪ ಬೈಕಿಗೆ ದೊಡ್ಡ ಕಂಬಳಿ ಗಂಟು ಕಟ್ಟುತ್ತಿದ್ದ. ನನ್ನ ಕಡೆ ಕೈ ಎತ್ತಿ ಏನೋ ಕೂಗಿದ. ಹೋಗಿ ಬರ್ತೀನ್ರೀ ಅಂದಿರಬೇಕು. ನಾನೂ ಕೈ ಎತ್ತಿದೆ.

ಶೋಭ ಬಂದು ಮೇಲೆ ಹೋದಳು. ಮೆಟ್ಟಿಲ ಮೇಲಿಂದ ಕೈ ಬೀಸಿ ಕರೆದಳು. ನಾನು ಮೋಟ್ರು ನಿಲ್ಲಿಸಿ ಹೋಗಿ ನೋಡಿದರೆ ಮೇಜಿನ ಮೇಲೆ ಇಲಿ ಒಂದೇ ಮಲಗಿತ್ತು. ಅದನ್ನು ಒಯ್ಯಬೇಕು ಅಂತ ಅವನಿಗೆ ತಿಳಿದಿಲ್ಲ.

ಅವಳ ಮುಖ ನೋಡಿ ಮುಗೀತು ಅಂದುಕೊಂಡೆ. ಅವಳು ಆ ಇಲಿಯನ್ನು ಕೈಗೆ ತಗೊಂಡು, ತಿರುಗಿಸಿ ನೋಡಿ, ಒಂದೇ ಮಾತು ಅಂದಳು. "ವೈರು ಕಿತ್ತಾನಜ್ಜಿ. ಆ ಎರಡನೇ ಗುಂಡಿ ಒತ್ತಿಲ್ಲ."

ಮೇಡಂಗೆ ಫೋನು ಮಾಡಿದಳು. ಸಾಮಾನು ಗಂಡ ಊರಿಗೆ ಒಯ್ದಾನೆ ಅಂತ ಇದ್ದದ್ದು ಇದ್ದ ಹಂಗೇ ಹೇಳಿದಳು. ಆಮೇಲೆ ಮೇಡಂ, ಇವತ್ತಿನ ಮಟ್ಟಿಗೆ ಬೇರೆ ಯಾವುದಾದರೂ ಕಂಪ್ಯೂಟರಿನಿಂದ ಒಳಗೆ ಬನ್ನಿ, ದಾರಿ ಬಿಡಿಸ್ತೀನಿ, ಆದರೆ ನಿಮ್ಮ ಬೆನ್ನ ಹಿಂದೆ ಒಂದು ನರಪಿಳ್ಳೆ ಇರಬಾರದು ಅಂದರು.

ನಮ್ಮ ಎದುರು ಬಾಷಾನ ಜೆರಾಕ್ಸ್ ಅಂಗಡಿ. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರು. ಆಧಾರ್ ಕಾರ್ಡು, ಪಹಣಿ ಅಂತ ಜನ ಅದರ ಮೇಲೇ ಬಿದ್ದಿರ್ತಾರೆ.

"ಬಾಷಾ, ಸಂಜೆವರೆಗೆ ಈ ಮೂಲೆ ನಂದು" ಅಂದೆ.

"ಏನಜ್ಜಿ, ಗಿರಣಿ ಇಲ್ಲಿಗೆ ತಂದ್ರಾ?"

"ಹಂಗೇ ಅಂದ್ಕೋ. ಒಂದು ಬೆಡ್‌ಶೀಟು ಕೊಡು."

ಮದುವೇಲಿ ಗಂಡಿಗೂ ಹೆಣ್ಣಿಗೂ ನಡುವೆ ಅಂತರಪಟ ಹಿಡಿಯಲ್ವಾ, ಹಂಗೆ ಅವಳ ಬೆನ್ನ ಹಿಂದೆ ಬೆಡ್‌ಶೀಟು ಹಿಡಿದು ನಿಂತೆ. ಕೈ ಸೋತಾಗ ಒಂದು ತುದಿ ಮೊಳೆಗೆ ಸಿಕ್ಕಿಸಿದೆ. ಪಹಣಿಗೆ ಬಂದ ಒಬ್ಬ, "ಒಳಗೆ ಏನು ನಡೀತೈತೆ ಅಜ್ಜಿ, ಹೆರಿಗೆನಾ?" ಅಂದ. "ನಿಮ್ಮಪ್ಪಂದು" ಅಂದೆ. ಹೋದ.

ಅವಳು ಹೆಸರು ಹೇಳಿದಳು, ಸಂಖ್ಯೆ ಒತ್ತಿದಳು. ನಾನು ನೋಡಬಾರದು ಅಂತಿತ್ತು. ನೋಡಿದೆ. ಅದೇ ಮೇಜು. ಅರ್ಧ ಬರೆದ ಸಾಲು, ಮುಂದೆ ಅದೇ ಗೀಟು, ಕಣ್ಣು ಹೊಡೀತಾ ಕಾಯ್ತಿತ್ತು. ಶೋಭ ಉಸಿರು ಬಿಟ್ಟದ್ದು ನನಗೆ ಕೇಳಿಸ್ತು. ಉಳಿದ ಅರ್ಧ ಬರೆದಳು.

ಆಗ ಮಂಜಪ್ಪನ ಫೋನು. ದಾರಿಯಲ್ಲಿ ಎಲ್ಲೋ ಚಾ ಕುಡಿಯಾಕೆ ನಿಂತಿದ್ದ ಅಂತ ಕಾಣುತ್ತೆ. ಅವಳು ಫೋನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟು ಕೆಲಸ ಮುಂದುವರಿಸಿದಳು.

"ಸಾಮಾನು ನನ್ನ ಹತ್ರ ಐತೆ. ಸಿಟ್ಟಾಗಬ್ಯಾಡ. ಅದು ಬೇಕಂದ್ರೆ ಮನೆಗೆ ಬಾ, ಅಲ್ಲೇ ಕೂತು ಮಾಡು."

"ಆಮೇಲೆ ಮಾತಾಡ್ತೀನಿ. ಕೆಲಸದಾಗೆ ಇದೀನಿ."

"ಯಾವ ಕೆಲಸ? ಕೆಲಸ ಇಲ್ಲಿ ನನ್ನ ಬೈಕಿನ ಮೇಲೆ ಕಂಬಳಿ ಹೊದ್ಕೊಂಡು ಕೂತೈತಲ್ಲೇ!"

ಬಾಷಾ ನಕ್ಕುಬಿಟ್ಟ. ನಾನು ನಗಲಿಲ್ಲ. ಬೆಡ್‌ಶೀಟು ಹಿಡಿದಿದ್ದೆನಲ್ಲ. ಶೋಭನೂ ನಗಲಿಲ್ಲ. ಫೋನು ಇಟ್ಟಳು.

ಆಮೇಲಿನ ದಿನಗಳನ್ನು ಆ ಮೂಲೆಯಲ್ಲೇ ಬೆಡ್‌ಶೀಟಿನ ಹಿಂದೆ ಕಳೆದಳು. ಮೇಡಂ ದಿನಾ ಗೊಣಗಿಕೊಂಡೇ ದಾರಿ ಬಿಟ್ಟರು. ಒಂದು ದಿನವೂ ತಪ್ಪಲಿಲ್ಲ. ಕಾಯಂ ಆಯಿತು. ಸಿಹಿ ಹಂಚಲಿಲ್ಲ, ಒಂದು ಚೀಲ ಗೋಧಿ ತಂದು ಬೀಸಿಸಿಕೊಂಡಳು, ಅಷ್ಟೇ. ಆದರೆ ಸಾಮಾನು ಆಫೀಸಿನದು, ವಾಪಸು ಕೊಡಲೇಬೇಕು. ಬಿಳಿಚೋಡಿಗೆ ಹೋಗಬೇಕಾಯ್ತು.

"ನೀವೂ ಬರ್ರಿ ಅಜ್ಜಿ. ಒಬ್ಬಳೇ ಹೋದ್ರೆ ಕೂರಿಸ್ಕೋತಾರೆ."

"ನೀನು ಕೂರ್ತೀಯ ಅನ್ನು."

"ಅದಕ್ಕೇ ಬರ್ರಿ ಅಂದದ್ದು."

ಹೊನ್ನಾಳಿಗೆ ಒಂದು ಬಸ್ಸು, ದಾವಣಗೆರೆಗೆ ಒಂದು, ಅಲ್ಲಿಂದ ಜಗಳೂರಿನ ಬಸ್ಸು. ಹೊನ್ನಾಳಿ ಹೊಳೆ ತುಂಬಿ ಕೆಂಪಗೆ ಹರೀತಿತ್ತು. ದಾವಣಗೆರೆ ದಾಟಿದರೆ ಮಳೆ ಬಂದ ಗುರುತೇ ಇಲ್ಲ. ಬಯಲು, ಜಾಲಿ, ಕುರಿ. ಒಂದೇ ಆಕಾಶದ ಕೆಳಗೆ ಇಷ್ಟು ಬೇರೆ ಅಂತ ನನಗೆ ಗೊತ್ತಿರಲಿಲ್ಲ.

ಮನೆ ಚೊಕ್ಕಟವಾಗಿತ್ತು. ಅತ್ತೆ ಗೌರಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದು ಕಾಲಿಗೆ ನೀರು ಕೊಟ್ಟಳು. ಒಳಗೆ ಹೋದರೆ ದೇವರ ಜಗಲಿ ಮೇಲೆ ಆ ಕರೀ ಡಬ್ಬಿ. ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದ್ದಳು.

"ಅನ್ನ ಕೊಡೋ ಸಾಮಾನು ಅಂದ ಮಂಜಪ್ಪ. ನೆಲಕ್ಕೆ ಇಡಬಾರದು ಅಂತ ಇಲ್ಲಿಟ್ಟೆ" ಅಂದಳು.

ಮಂಜಪ್ಪ ಕಂಬಕ್ಕೆ ಒರಗಿ ನಿಂತಿದ್ದ. "ಹಚ್ಚಿ ನೋಡಿದೆ. ಏನೂ ಬರಲಿಲ್ಲ. ಬರೀ ನೀಲಿ."

"ಒಳಗೆ ಏನೂ ಇಲ್ಲ."

"ಮತ್ತೆ ನಿನ್ನ ಕೆಲಸ ಎಲ್ಲಿತ್ತು?"

"ನಾನು ಎಲ್ಲಿದ್ದೆನೋ ಅಲ್ಲಿತ್ತು."

ಅವನು ತಲೆ ಕೆರೆದುಕೊಂಡ. ಹೊಲಿಗೆ ಮೆಷಿನ್ನು ಹಂಗಿರಲಿಲ್ಲ ಅಂತ ಅವನಿಗೆ ಅನ್ನಿಸಿರಬೇಕು. "ನಿನಗೆ ಕಷ್ಟ ಆಗ್ತೈತೆ ಅಂತ..." ಅಂದ. ಅವಳು ಅವನ ಕಡೆ ನೋಡಿದಳು, ಅವನು ಅಲ್ಲಿಗೇ ನಿಲ್ಲಿಸಿದ.

ಊಟಕ್ಕೆ ಬಡಿಸಿದರು. ಶೋಭಗೆ ಅವಳದೇ ತಟ್ಟೆ. ಬೋರಲು ಹಾಕಿದ್ದನ್ನು ಗೌರಮ್ಮ ತಾನೇ ಎತ್ತಿಕೊಟ್ಟಳು. ಟ್ರಂಕೂ ಇಟ್ಟಲ್ಲೇ ಇತ್ತು, ಮೇಲೆ ಧೂಳಿಲ್ಲ, ದಿನಾ ಒರೆಸ್ತಿದ್ದಳು ಅಂತ ಕಾಣುತ್ತೆ. ಅವಳ ಸೀರೆ ಹಗ್ಗದ ಮೇಲೆ ಅವಳು ಮಡಿಸಿ ಹಾಕಿ ಹೋದ ಹಂಗೇ ಇತ್ತು. ಎಲ್ಲಿಗೆ ಬಿಟ್ಟಿದ್ದಳೋ ಅಲ್ಲೇ ಎಲ್ಲ ಕಾಯ್ತಿತ್ತು. ಇವಳು ಬಂದು ಕೂತರೆ ಸಾಕು, ಮುಂದುವರಿಸಬಹುದು. ಕೂರ್ತಾಳೆ ಅಂತಲೇ ನಾನು ಅಂದುಕೊಂಡೆ. ನಾನಾಗಿದ್ದರೆ ಕೂರ್ತಿದ್ದೆ.

ಅವಳು ಊಟ ಮುಗಿಸಿ ತಟ್ಟೆ ತೊಳೆದಳು. ಅದರ ಜಾಗದಲ್ಲಿ ಬೋರಲು ಹಾಕಲಿಲ್ಲ. ಬಂದವರಿಗೆ ಅಂತ ಇಟ್ಟಿದ್ದ ತಟ್ಟೆಗಳ ಜತೆಗೆ ಜೋಡಿಸಿಟ್ಟಳು. ಹಗ್ಗದ ಮೇಲಿನ ಸೀರೆ ತೆಗೆದಳು. ಟ್ರಂಕು ಖಾಲಿ ಮಾಡಿ ಎರಡು ಚೀಲಕ್ಕೆ ತುಂಬಿದಳು, ಖಾಲಿ ಟ್ರಂಕಿನ ಮುಚ್ಚಳ ತೆರೆದೇ ಬಿಟ್ಟಳು. ಪರದೆಯನ್ನು ಮಂಜಪ್ಪನೇ ಕಂಬಳಿಯಲ್ಲಿ ಸುತ್ತಿಕೊಟ್ಟ, ಕಂಬಳಿ ಇಟ್ಕೋ ಅಂದ.

ಹೊಸಿಲಲ್ಲಿ ನಿಂತು ಅವಳು ಅತ್ತೆ ಕಾಲು ಮುಟ್ಟಿದಳು.

"ಹೋಗ್ತೀನತ್ತೆ."

ಗೌರಮ್ಮ ಕುಂಕುಮದ ಬಟ್ಟಲು ಹಿಡಿದಿದ್ದಳು. ಎಲ್ಲ ಅತ್ತೆಯರೂ ತಿದ್ದೋ ಹಂಗೆ ತಿದ್ದಿದಳು. "ಹೋಗಿ ಬರ್ತೀನಿ ಅನ್ನು."

"ಇಲ್ಲತ್ತೆ. ಹೋಗ್ತೀನಿ."

ಈ ಸಲ ಬಾಯಲ್ಲೂ ಅದನ್ನೇ ಒತ್ತಿದಳು.

ಗೌರಮ್ಮ ನನ್ನ ಕಡೆ ನೋಡಿದಳು. ನಾನು ಒಂದು ಚೀಲ ಎತ್ತಿಕೊಂಡೆ. ಹೊರಗೆ ಕುರಿಮರಿಯೊಂದು ಸುಮ್ಮನೆ ಅರಚ್ತಿತ್ತು. ಮುದುಕಿ ಬೆರಳು ಅದ್ದಿ ಸೊಸೆಯ ಹಣೆಗೆ ಕುಂಕುಮ ಇಟ್ಟಳು.

"ಹೋಗು" ಅಂದಳು.

ನನ್ನ ಜೀವಮಾನದಲ್ಲಿ ಹಿರಿಯರು ಹೊರಟವರಿಗೆ ಬರೀ ಹೋಗು ಅಂದದ್ದು ಅದೊಂದೇ ಸಲ ಕೇಳಿದ್ದು. ಬೈದಾಗ ಅನ್ನೋದು ಬೇರೆ. ಇದು ಬೈಗುಳ ಅಲ್ಲ.

ಬಸ್ಸಿನಲ್ಲಿ ಶೋಭ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಸೆರಗಿನಿಂದ ಕುಂಕುಮ ಒರೆಸಿದಳು. ಗಾಳಿ ತೂತುಗಳೊಳಗೆ ಹೋದದ್ದು ಬರಲಿಲ್ಲ. ಆಫೀಸಿನವರು ಹೊಸ ಡಬ್ಬಿ ಕೊಟ್ಟು ಅದನ್ನು ತಗೊಂಡಾಗ, ಇದರಲ್ಲಿ ಕೆಂಪಗೆ ಏನ್ರೀ ಅಂದರಂತೆ. ಗಿರಣಿ ಖಾರ ಅಂದಳಂತೆ.

ದೀಪಾವಳಿ ಆದ ಮೇಲೆ ಅವಳು ಹೊನ್ನಾಳಿಯಲ್ಲಿ ಮನೆ ಹಿಡಿದಳು. ಅಲ್ಲಿ ಗಿರಣಿ ಇಲ್ಲ, ಘಾಟಿಲ್ಲ. ಆಟೋಗೆ ಸಾಮಾನು ಹೇರಿ ನನ್ನ ಹತ್ತಿರ ಬಂದಳು.

"ಹೋಗಿ ಬರ್ತೀನಜ್ಜಿ."

"ಸರಿ. ಬೀಗದ ಕೈ ಕೊಡು" ಅಂದೆ.

ಇನ್ನೂ ಬಂದಿಲ್ಲ. ಬಿಡುವಿರಲ್ಲ. ಕೋಣೆಗೆ ಆಮೇಲೆ ಇಬ್ಬರು ಬಂದರು, ಇಬ್ಬರೂ ಸೀನಿಕೊಂಡು ಹೋದರು.

ಲೈನ್‌ಮನ್ ಬಾಡಿಗೆಗೆ ಒಪ್ಪಿದ. ಗೋಡೆ ಹತ್ತಿರ ನಿಂತು ಕೇಳಿದ, "ಈ ವೈರು ಕಿತ್ತು ಹಾಕ್ಲಾ ಅಜ್ಜಿ? ನಿಮ್ಮ ಆಫೀಸು ಗೀಫೀಸು ಹೋದೀತು ಮತ್ತೆ."

"ಕೀಳು" ಅಂದೆ. "ಆಫೀಸು ವೈರಿನಾಗೆ ಇರ್ತೈತೇನೋ? ಹೋಗಿ ಬರ್ತೀನಿ ಅಂದು ಹೋಗ್ಯಾಳೆ. ಅದಕ್ಕೆ ವೈರು ಬೇಕಿಲ್ಲ."

ಅವನು ಎಳೆದ. ತೂತಿನಿಂದ ಸ್ವಲ್ಪ ಮಣ್ಣು, ಸ್ವಲ್ಪ ಕೆಂಪು ಪುಡಿ ಉದುರಿತು. ಇಬ್ಬರೂ ಸೀನಿದೆವು.